ಪ್ಲಾಸ್ಟರಿಂಗ್ ಆಗುವ ಮೊದಲೇ ವೈರಿಂಗ್ ತಪಾಸಣೆ ಏಕೆ ಬೇಕು?

ಪ್ರಶ್ನೆ: ಸ್ವಂತ ಮನೆ ಕಟ್ಟಿಸುತ್ತಿದ್ದೇನೆ. ಒಬ್ಬ ಗುತ್ತಿಗೆದಾರರಿಗೆ ಪೂರ್ತಿ ವಹಿಸದೆ, ಒಂದೊಂದು ಕೆಲಸಕ್ಕೂ ಬೇರೆಯವರನ್ನು ಹಿಡಿದು ನಾನೇ ಮುಂದೆ ನಿಂತು ಮಾಡಿಸುತ್ತಿದ್ದೇನೆ. ತಾರಸಿ ಮುಗಿದಿದೆ. ಗೋಡೆ ಕೊರೆದು ವೈರಿಂಗ್ ಪೈಪ್ ಮತ್ತು ಬಾಕ್ಸ್ ಕೂರಿಸಿದ್ದಾರೆ. ಮುಂದಿನ ವಾರ ಪ್ಲಾಸ್ಟರಿಂಗ್ ಶುರುವಾಗಲಿದೆ. ಈಗಲೇ ಬೇರೆ ಯಾರಿಗಾದರೂ ತೋರಿಸೋಣವೇ ಎಂದು ಕೇಳಿದರೆ ಎಲೆಕ್ಟ್ರಿಷಿಯನ್, ‘ತಪಾಸಣೆ ಎಲ್ಲ ಕೊನೆಗೆ, ಅದು ಬರೀ ಕಾಗದದ ಕೆಲಸ’ ಎನ್ನುತ್ತಾರೆ. ಕರೆಂಟ್ ಸೋರಿದರೆ ಸರಬರಾಜು ಕಡಿಯುವ ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ, ಅರ್ಥಿಂಗ್ ಚೆನ್ನಾಗಿದ್ದರೆ ಲೋಡ್ ಹೆಚ್ಚಾದಾಗ, ಶಾರ್ಟ್ ಆದಾಗ ಬೀಳುವ ಎಂಸಿಬಿ ಸಾಕು ಎಂದೂ ಹೇಳುತ್ತಾರೆ. ನನಗೆ ಸ್ವಲ್ಪ ಕೈಕೆಲಸ ಗೊತ್ತಿರುವುದರಿಂದ ವೈರ್ ಎಳೆಯುವುದು, ಸ್ವಿಚ್ ಬೋರ್ಡ್ ಜೋಡಿಸುವುದು ನಾನೇ ಮಾಡಿಕೊಂಡು ಖರ್ಚು ಉಳಿಸಬಹುದೇ ಎಂಬ ಯೋಚನೆಯೂ ಇದೆ. ಕೊನೆಗೆ ಎಲ್ಲ ದೀಪಗಳೂ ಉರಿದು, ಸಂಪರ್ಕದ ಅನುಮತಿಯೂ ಸಿಕ್ಕರೆ ವೈರಿಂಗ್ ಸರಿಯಿದೆ ಎಂದೇ ತಿಳಿಯಬಹುದಲ್ಲವೇ?

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ಉಳಿದ ಗೊಂದಲಗಳೂ ಅಲ್ಲಿಂದಲೇ ಹುಟ್ಟಿವೆ. ದೀಪ ಉರಿಯುವುದಕ್ಕೆ ಬೇಕಾದದ್ದು ಕರೆಂಟ್ ತರುವ ಫೇಸ್ ಮತ್ತು ಅದನ್ನು ಮರಳಿ ಒಯ್ಯುವ ನ್ಯೂಟ್ರಲ್, ಅಷ್ಟೇ. ಅರ್ಥ್ ವೈರ್ ಗೋಡೆಯೊಳಗೆ ಎಲ್ಲೋ ತುಂಡಾಗಿದ್ದರೂ ದೀಪ ಉರಿಯುತ್ತದೆ. ಸ್ವಿಚ್ಚನ್ನು ಫೇಸ್‌ಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿದ್ದರೂ ಉರಿಯುತ್ತದೆ, ಆರುತ್ತದೆ; ಆದರೆ ಆರಿಸಿದ ಮೇಲೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಗೀಸರ್‌ಗೆ ತೆಳು ವೈರ್ ಎಳೆದಿದ್ದರೂ ನೀರು ಕಾಯುತ್ತದೆ. ಮನೆ ವೈರಿಂಗ್‌ನಲ್ಲಿ ನಿಜವಾಗಿ ಅಪಾಯಕಾರಿಯಾದ ದೋಷಗಳಲ್ಲಿ ಹೆಚ್ಚಿನವು ಯಾವ ಕೆಲಸವನ್ನೂ ನಿಲ್ಲಿಸುವುದಿಲ್ಲ. ಇನ್ನೊಂದು ದೋಷ ಬಂದು ಸೇರುವವರೆಗೂ ಅವು ಗೊತ್ತೇ ಆಗುವುದಿಲ್ಲ.

ಅನುಮತಿಯ ವಿಷಯದಲ್ಲಿ ನಿಮ್ಮ ಎಲೆಕ್ಟ್ರಿಷಿಯನ್ ಪೂರ್ತಿ ಸುಳ್ಳು ಹೇಳುತ್ತಿಲ್ಲ. ಸಂಪರ್ಕ ಕೊಡಲು ಬರುವವರು ಮೀಟರ್ ಬೋರ್ಡ್, ಮೇನ್ ಸ್ವಿಚ್, ಒಟ್ಟು ಲೋಡ್, ಅರ್ಥಿಂಗ್ ಇಷ್ಟನ್ನು ನೋಡುತ್ತಾರೆ. ಕೆಲವರು ಮೀಟರ್ ಹಿಡಿದು ಅಳೆಯುತ್ತಾರೆ, ಕೆಲವರು ಪರವಾನಗಿ ಪಡೆದ ಗುತ್ತಿಗೆದಾರ ಸಹಿ ಹಾಕಿದ ಪರೀಕ್ಷಾ ವರದಿಯನ್ನು ನಂಬುತ್ತಾರೆ. ಎಷ್ಟು ಶ್ರದ್ಧೆಯವರೇ ಆದರೂ ಬಣ್ಣ ಬಳಿದ ಗೋಡೆಯೊಳಗೆ ಪೈಪ್ ಹೇಗೆ ಹೋಗಿದೆ, ನಡುವೆ ಎಲ್ಲಿ ಜಾಯಿಂಟ್ ಮಾಡಿದ್ದಾರೆ ಎಂದು ಕಣ್ಣಿಂದ ನೋಡಲು ಅವರಿಗೆ ಸಾಧ್ಯವಿಲ್ಲ. ಈ ಕಾರಣಕ್ಕೇ ಹಲವು ದೇಶಗಳಲ್ಲಿ ಮನೆ ವೈರಿಂಗ್‌ಗೆ ಅಧಿಕೃತ ತಪಾಸಣೆಯನ್ನೇ ಎರಡು ಸಲ ಇಟ್ಟಿದ್ದಾರೆ: ಗೋಡೆ ತೆರೆದಿರುವಾಗ ಒಮ್ಮೆ, ಕೆಲಸ ಮುಗಿದ ಮೇಲೆ ಇನ್ನೊಮ್ಮೆ. ಮೊದಲನೆಯದು ಆಗುವವರೆಗೆ ಗೋಡೆ ಮುಚ್ಚುವಂತಿಲ್ಲ. ನಿಮ್ಮಲ್ಲಿ ಆ ನಿಯಮ ಇಲ್ಲದಿದ್ದರೆ ಆ ಮೊದಲ ತಪಾಸಣೆಯನ್ನು ನೀವೇ ಮಾಡಿಸಿಕೊಳ್ಳಬೇಕು. ಅದಕ್ಕೆ ನಿಮಗೆ ಉಳಿದಿರುವುದು ಈ ಒಂದು ವಾರ.

ಯಾರನ್ನು ಕರೆಯಬೇಕು? ಪರವಾನಗಿ ಇರುವ, ಆದರೆ ನಿಮ್ಮ ಕೆಲಸದಲ್ಲಿ ಪಾಲಿಲ್ಲದ ಒಬ್ಬ ವಿದ್ಯುತ್ ಗುತ್ತಿಗೆದಾರ ಅಥವಾ ಮೇಲ್ವಿಚಾರಕರನ್ನು. ಒಂದು ಹೊತ್ತಿನ ಕೆಲಸಕ್ಕೆ ಶುಲ್ಕ ಕೊಟ್ಟು ಕರೆಯಿರಿ. ನಿಮ್ಮ ಎಲೆಕ್ಟ್ರಿಷಿಯನ್ನೂ ಅಲ್ಲೇ ಇರಲಿ. ಬೆನ್ನ ಹಿಂದೆ ಮಾಡಿಸಿದರೆ ಮನಸ್ಸು ಕೆಡುತ್ತದೆ, ಕೆಲಸವೂ ಕೆಡುತ್ತದೆ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಿಸುವುದನ್ನು ನಾನು ಕಂಡದ್ದು ಕಡಿಮೆ.

ಅವರು ಬರುವ ಮೊದಲು ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಪ್ರತಿಯೊಂದು ಪೈಪಿನೊಳಗೂ ಈ ತುದಿಯಿಂದ ಆ ತುದಿಗೆ ವೈರ್ ಎಳೆಯುವ ಸ್ಪ್ರಿಂಗ್ ತೂರಿಸಿ ನೋಡಿ. ತಾರಸಿಯ ಕಾಂಕ್ರೀಟ್ ಹಾಕುವಾಗ ಕಾಲಿಗೆ ಸಿಕ್ಕು ಪೈಪ್ ಒಡೆಯುವುದು, ಜೋಡಣೆ ಬಿಟ್ಟುಕೊಂಡು ಸಿಮೆಂಟ್ ಹಾಲು ಒಳಗೆ ಇಳಿದು ಗಟ್ಟಿಯಾಗುವುದು ತೀರಾ ಸಾಮಾನ್ಯ. ಈಗ ಗೊತ್ತಾದರೆ ಗೋಡೆಯ ಮೇಲೆ ಬೇರೆ ದಾರಿ ಮಾಡಬಹುದು. ಬಣ್ಣ ಆದ ಮೇಲೆ ಗೊತ್ತಾದರೆ ಎಲೆಕ್ಟ್ರಿಷಿಯನ್ ಒಂದು ಅಡ್ಡದಾರಿ ಹುಡುಕುತ್ತಾರೆ: ಪಕ್ಕದ ಪೈಪಿನಲ್ಲಿ ಈಗಾಗಲೇ ತುಂಬಿರುವ ವೈರ್‌ಗಳ ಜೊತೆಗೆ ಇವನ್ನೂ ತುರುಕುತ್ತಾರೆ, ಇಲ್ಲವೇ ಪಕ್ಕದ ಕೋಣೆಯ ನ್ಯೂಟ್ರಲ್ಲನ್ನೇ ಇದಕ್ಕೂ ಬಳಸುತ್ತಾರೆ. ಆ ಎರಡನೆಯ ಅಡ್ಡದಾರಿಯೇ ಆರ್‌ಸಿಸಿಬಿ ‘ಸುಮ್ಮಸುಮ್ಮನೆ’ ಬೀಳುವುದಕ್ಕೆ ಮುಖ್ಯ ಕಾರಣ. ಅದನ್ನು ಮುಂದೆ ವಿವರಿಸುತ್ತೇನೆ.

ಪೈಪಿನ ಒಳಜಾಗದಲ್ಲಿ ವೈರ್‌ಗಳು ತುಂಬಬೇಕಾದದ್ದು ಸುಮಾರು ಶೇಕಡಾ 40 ಮಾತ್ರ. ಉಳಿದದ್ದು ಬಿಸಿ ಹೊರಗೆ ಹೋಗಲು, ಎಳೆಯುವಾಗ ಹೊದಿಕೆ ಸುಲಿಯದಿರಲು. ಎರಡು ಬಾಕ್ಸ್‌ಗಳ ನಡುವೆ ತಿರುವುಗಳು ಹೆಚ್ಚಾದಷ್ಟೂ ಎಳೆತಕ್ಕೆ ಬಲ ಹೆಚ್ಚು ಬೇಕು, ಹೊದಿಕೆ ಗೀರುವುದೂ ಹೆಚ್ಚು. ಎರಡಕ್ಕಿಂತ ಹೆಚ್ಚು ಮೂಲೆ ತಿರುವು ಇರುವ ಕಡೆ ನಡುವೆ ಒಂದು ಜಂಕ್ಷನ್ ಬಾಕ್ಸ್ ಕೇಳಿ. ಟಿವಿ, ಇಂಟರ್ನೆಟ್ ಕೇಬಲ್‌ಗಳಿಗೆ ಪ್ರತ್ಯೇಕ ಪೈಪ್ ಇರಬೇಕು.

ಗೋಡೆ ಕೊರೆದಿರುವ ರೀತಿಯನ್ನೂ ನೋಡಿ. ಇದನ್ನು ಎಲೆಕ್ಟ್ರಿಷಿಯನ್‌ಗಳು ತಮ್ಮ ವಿಷಯವಲ್ಲ ಎನ್ನುತ್ತಾರೆ, ಮೇಸ್ತ್ರಿಗಳು ತಮ್ಮದಲ್ಲ ಎನ್ನುತ್ತಾರೆ. ಭಾರ ಹೊರುವ ಗೋಡೆಯಲ್ಲಿ ಲಂಬವಾಗಿ ಕೊರೆದರೆ ಆಳ ಗೋಡೆಯ ದಪ್ಪದ ಮೂರನೇ ಒಂದು ಭಾಗವನ್ನೂ, ಅಡ್ಡಡ್ಡ ಕೊರೆದರೆ ಆರನೇ ಒಂದು ಭಾಗವನ್ನೂ ಮೀರಬಾರದು ಎಂಬುದು ರೂಢಿಯ ನಿಯಮ. 100 ಮಿ.ಮೀ. ಗೋಡೆಯಾದರೆ ಅಡ್ಡ ಕೊರೆತಕ್ಕೆ ಸಿಗುವುದು ಸುಮಾರು 17 ಮಿ.ಮೀ. ಆಳ. ಅದರಲ್ಲಿ 25 ಮಿ.ಮೀ. ಪೈಪ್ ಕೂರುವುದೇ ಇಲ್ಲ. ಆದ್ದರಿಂದ ಪೈಪ್‌ಗಳು ಮೇಲಿನಿಂದ ನೆಟ್ಟಗೆ ಬಾಕ್ಸ್‌ಗೆ ಇಳಿಯಬೇಕು. ಅದರಿಂದ ಇನ್ನೊಂದು ಅನುಕೂಲವೂ ಇದೆ: ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಮೊಳೆ ಹೊಡೆಯಬಾರದು ಎಂಬ ಒಂದೇ ಎಚ್ಚರಿಕೆ ಮುಂದೆ ಸಾಕಾಗುತ್ತದೆ. ಓರೆಯಾಗಿ, ಹತ್ತಿರದ ದಾರಿ ಹಿಡಿದು ಹೋದ ಪೈಪ್ ಎಲ್ಲಿದೆ ಎಂದು ಎರಡು ವರ್ಷದ ಬಳಿಕ ಅದನ್ನು ಹಾಕಿದವರಿಗೂ ನೆನಪಿರುವುದಿಲ್ಲ. ಪ್ರತಿ ಗೋಡೆಗೂ ಅಳತೆ ಪಟ್ಟಿ ಹಿಡಿದು ಫೋಟೊ ತೆಗೆದಿಡಿ. ನೆಲ ಮತ್ತು ಮೂಲೆ ಎರಡೂ ಫೋಟೊದಲ್ಲಿ ಕಾಣಬೇಕು. ಬರೀ ಪೈಪಿನ ಚಿತ್ರ ಆಮೇಲೆ ಉಪಯೋಗಕ್ಕೆ ಬಾರದು.

ಸ್ನಾನದ ಮನೆಯಲ್ಲಿ ಗೀಸರ್‌ನ ಸ್ವಿಚ್ ಶವರ್ ಕೆಳಗೆ ನಿಂತವರ ಕೈಗೆ ಎಟುಕುವಂತಿದ್ದರೆ ಈಗಲೇ ಬದಲಿಸಿ, ಸಾಧ್ಯವಾದರೆ ಬಾಗಿಲ ಹೊರಗೆ. ಅಡುಗೆಮನೆಯಲ್ಲಿ ಪ್ಲಗ್ ಪಾಯಿಂಟ್‌ಗಳ ಲೆಕ್ಕಕ್ಕಿಂತ ಸರ್ಕ್ಯೂಟ್‌ಗಳ ಲೆಕ್ಕ ಮುಖ್ಯ. ಒಂದೇ ವೈರಿನ ಮೇಲೆ ಆರು ಪಾಯಿಂಟ್ ಕೊಟ್ಟು ‘ಸಾಕಷ್ಟು ಕೊಟ್ಟಿದ್ದೇವೆ’ ಎನ್ನುವುದು ಹಳೆಯ ಚಾಳಿ. 230 ವೋಲ್ಟ್‌ನಲ್ಲಿ 2000 ವಾಟ್‌ನ ಇಂಡಕ್ಷನ್ ಒಲೆ ಸುಮಾರು 8.7 ಆಂಪಿಯರ್, 3000 ವಾಟ್‌ನ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಇಂಥವುಗಳಿಗೆ ಎಂಸಿಬಿಗಳನ್ನು ಕೂರಿಸುವ ಡಿಬಿ ಬಾಕ್ಸ್‌ನಿಂದಲೇ ಪ್ರತ್ಯೇಕ ವೈರ್ ಮತ್ತು ಪ್ರತ್ಯೇಕ ಎಂಸಿಬಿ ಇರಲಿ. ತಾಮ್ರದ ವೈರ್ 2.5 ಚದರ ಮಿ.ಮೀ.ಗಿಂತ ಕಡಿಮೆ ಬೇಡ. ದೂರ ಹೆಚ್ಚಿದ್ದರೆ, ಅಥವಾ ಅದೇ ಪೈಪಿನಲ್ಲಿ ಬಿಸಿಯಾಗುವ ಬೇರೆ ವೈರ್‌ಗಳಿದ್ದರೆ 4 ಚದರ ಮಿ.ಮೀ. ಹಾಕಿಸಿ. ದೀಪ ಮತ್ತು ಫ್ಯಾನ್‌ಗಳಿಗೆ 1.5 ಸಾಕು. ಎಲ್ಲ ಕಡೆಯೂ ದಪ್ಪ ವೈರ್ ಹಾಕಿದರೆ ಸುರಕ್ಷಿತ ಎಂಬ ನಂಬಿಕೆಯಿಂದ ಹಣ ಹೋಗುತ್ತದೆ, ಪೈಪ್ ತುಂಬುತ್ತದೆ, ಸ್ವಿಚ್ಚಿನ ಸಣ್ಣ ಟರ್ಮಿನಲ್‌ನಲ್ಲಿ ವೈರ್ ಸರಿಯಾಗಿ ಕೂರುವುದೂ ಇಲ್ಲ.

ಇನ್ನು ‘ಅರ್ಥಿಂಗ್ ಚೆನ್ನಾಗಿದ್ದರೆ ಎಂಸಿಬಿ ಸಾಕು’ ಎಂಬ ಮಾತು. ಇದನ್ನು ಲೆಕ್ಕ ಹಾಕಿಯೇ ನೋಡೋಣ. ವಾಷಿಂಗ್ ಮೆಷಿನ್ ಒಳಗೆ ಫೇಸ್ ವೈರ್ ಬಿಚ್ಚಿಕೊಂಡು ಅದರ ಲೋಹದ ಮೈಗೆ ತಗುಲಿತು ಎನ್ನಿ. ಕರೆಂಟ್ ಅರ್ಥ್ ವೈರ್ ಮೂಲಕ ನಿಮ್ಮ ಅರ್ಥಿಂಗ್ ಗುಂಡಿಗೆ ಇಳಿದು, ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರ್‌ನ ಗುಂಡಿಗೆ ಮರಳಬೇಕು. ನಿಮ್ಮ ಗುಂಡಿಯ ರೋಧ 8 ಓಮ್, ಟ್ರಾನ್ಸ್‌ಫಾರ್ಮರ್ ಕಡೆಯದು 2 ಓಮ್ ಎಂದಿಟ್ಟುಕೊಳ್ಳಿ. ಮನೆಯ ಮಟ್ಟಿಗೆ ಇದು ಕೆಟ್ಟ ಅರ್ಥಿಂಗ್ ಏನಲ್ಲ. 230 ವೋಲ್ಟನ್ನು 10 ಓಮ್‌ನಿಂದ ಭಾಗಿಸಿದರೆ 23 ಆಂಪಿಯರ್. ಆ ಸರ್ಕ್ಯೂಟಿಗೆ 16 ಆಂಪಿಯರ್‌ನ ‘ಸಿ’ ವರ್ಗದ ಎಂಸಿಬಿ ಇದ್ದರೆ ಅದು ತಕ್ಷಣ ಬೀಳಲು ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಹರಿಯಬೇಕು. 23 ಆಂಪಿಯರ್ ಅದರ ಪಾಲಿಗೆ ಬರೀ ಸ್ವಲ್ಪ ಹೆಚ್ಚಾದ ಲೋಡ್. ಎಂಸಿಬಿಯ ಮಾನಕದಲ್ಲಿ 1.45 ಪಟ್ಟು ಕರೆಂಟ್ ಹರಿದಾಗ ಬೀಳಲು ಒಂದು ಗಂಟೆಯವರೆಗೆ ಅವಕಾಶವಿದೆ. 23 ಆಂಪಿಯರ್ ಅದಕ್ಕಿಂತಲೂ ತುಸು ಕಡಿಮೆ. ಅಷ್ಟೂ ಹೊತ್ತು ಮೆಷಿನ್ನಿನ ಮೈ ಮೇಲೆ 23 ಗುಣಿಸು 8, ಅಂದರೆ 184 ವೋಲ್ಟ್ ನಿಂತಿರುತ್ತದೆ. ಅರ್ಥಿಂಗ್ ಇದೆ, ಎಂಸಿಬಿ ಇದೆ, ಎರಡೂ ಸರಿಯಾಗಿವೆ. ಆದರೂ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಸಂಪರ್ಕದ ಕೇಬಲ್‌ನಲ್ಲೇ ಟ್ರಾನ್ಸ್‌ಫಾರ್ಮರ್‌ವರೆಗೆ ಮರಳುವ ಲೋಹದ ದಾರಿ ಕೊಟ್ಟಿರುವ ಕಡೆ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ನೂರಾರು ಆಂಪಿಯರ್ ಹರಿದು ಎಂಸಿಬಿ ತಕ್ಷಣ ಬೀಳುತ್ತದೆ. ಆದರೆ ಅಲ್ಲೂ ಮಗುವೊಂದು ಹರಿದ ವೈರ್ ಹಿಡಿದರೆ ಅದರ ಮೈ ಮೂಲಕ ಹರಿಯುವುದು ಆಂಪಿಯರ್‌ನ ಒಂದು ಸಣ್ಣ ಭಾಗ. ಜೀವ ತೆಗೆಯಲು ಅಷ್ಟು ಸಾಕು, ಎಂಸಿಬಿ ಬೀಳಿಸಲು ಸಾಲದು. ಎಂಸಿಬಿ ಇರುವುದು ವೈರನ್ನು ಕಾಯಲು, ಮನುಷ್ಯರನ್ನು ಕಾಯಲು ಅಲ್ಲ.

ಆರ್‌ಸಿಸಿಬಿ ನೋಡುವುದೇ ಬೇರೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ಹೋಲಿಸುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ತಲುಪಿದರೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ ಸರಬರಾಜು ಕಡಿಯಬೇಕು. ಮೇಲಿನ ಉದಾಹರಣೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ರೋಧ 500 ಓಮ್‌ಗೆ ಏರಿದ್ದರೂ ಸುಮಾರು ಅರ್ಧ ಆಂಪಿಯರ್ ಹರಿಯುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಅದಕ್ಕೂ ಮಿತಿಗಳಿವೆ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಅದರ ಕಣ್ಣಿಗೆ ನೀವೂ ಒಂದು ಬಲ್ಬ್ ಅಷ್ಟೇ. ಲೋಡ್ ಹೆಚ್ಚಾದರೂ, ಶಾರ್ಟ್ ಸರ್ಕ್ಯೂಟ್ ಆದರೂ ಅದು ಬೀಳುವುದಿಲ್ಲ. ಹಾಗಾಗಿ ಎಂಸಿಬಿಯೂ ಬೇಕು, ಆರ್‌ಸಿಸಿಬಿಯೂ ಬೇಕು, ಅರ್ಥಿಂಗೂ ಬೇಕು. ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ.

‘ಸುಮ್ಮಸುಮ್ಮನೆ ಬೀಳುತ್ತದೆ’ ಎಂಬ ದೂರು ನಾನು ಹೋದ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಬಿಚ್ಚಿ ನೋಡಿದರೆ ಹೆಚ್ಚಾಗಿ ಸಿಗುವುದು ಎರಡು ಸರ್ಕ್ಯೂಟ್‌ಗಳ ನ್ಯೂಟ್ರಲ್ ಬೆರೆತಿರುವುದು. ಆರ್‌ಸಿಸಿಬಿ ದಾಟಿ ಬಂದ ಫೇಸ್, ಅದನ್ನು ದಾಟದ ಬೇರೆ ನ್ಯೂಟ್ರಲ್ ಮೂಲಕ ಮರಳಿದರೆ ಲೆಕ್ಕ ತಪ್ಪಿ ಅದು ಬೀಳಲೇಬೇಕು. ಇನ್ವರ್ಟರ್ ಇರುವ ಮನೆಗಳಲ್ಲಿ ಇನ್ವರ್ಟರ್ ಕಡೆಯ ನ್ಯೂಟ್ರಲ್ಲನ್ನು ಮೇನ್ ಕಡೆಯದಕ್ಕೆ ಎಲ್ಲೋ ಬೋರ್ಡಿನೊಳಗೆ ಸೇರಿಸಿರುತ್ತಾರೆ. ಎರಡನೆಯ ಕಾರಣ ನೀರು: ಹೊರಗಿನ ದೀಪ, ಗೇಟಿನ ಪಾಯಿಂಟ್, ಮೋಟಾರ್. ಮೂರನೆಯದು ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕುವುದು. ಕಂಪ್ಯೂಟರ್, ಟಿವಿ, ಎಲ್‌ಇಡಿ ದೀಪ ಹೀಗೆ ಪ್ರತಿ ಉಪಕರಣದಿಂದಲೂ ಅತಿ ಸಣ್ಣ ಸೋರಿಕೆ ಇರುತ್ತದೆ. ಎಲ್ಲ ಸೇರಿ 15 ಮಿಲಿ ಆಂಪಿಯರ್ ದಾಟಿದರೆ ಬೀಳುವ ಹಕ್ಕು ಅದಕ್ಕಿದೆ, ಏಕೆಂದರೆ ಮಾನಕದ ಪ್ರಕಾರ ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಪರಿಹಾರ ಅದನ್ನು ತೆಗೆಯುವುದಲ್ಲ. ಮನೆಯನ್ನು ಎರಡು ಮೂರು ಗುಂಪು ಮಾಡಿ ಪ್ರತಿಯೊಂದಕ್ಕೂ ಒಂದೊಂದು ಹಾಕುವುದು, ಹಣವಿದ್ದರೆ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡನ್ನೂ ಒಳಗೊಂಡ ಆರ್‌ಸಿಬಿಒ ಅನ್ನು ಪ್ರತಿ ಸರ್ಕ್ಯೂಟಿಗೂ ಕೊಡುವುದು. ಇದಕ್ಕೆ ಡಿಬಿ ಬಾಕ್ಸ್ ದೊಡ್ಡದಾಗಿರಬೇಕು, ಪ್ರತಿ ಗುಂಪಿಗೂ ಬೇರೆ ನ್ಯೂಟ್ರಲ್ ಪಟ್ಟಿ ಇರಬೇಕು. ಬಾಕ್ಸ್‌ನ ಗಾತ್ರ ತೀರ್ಮಾನವಾಗಬೇಕಾದದ್ದು ಪ್ಲಾಸ್ಟರಿಂಗ್‌ಗೆ ಮೊದಲೇ. ಈ ವಾರವೇ ನಿಮ್ಮ ಎಲೆಕ್ಟ್ರಿಷಿಯನ್ ಜೊತೆ ಈ ಮಾತು ಮುಗಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಇನ್ನೊಂದು ದುರಭ್ಯಾಸವನ್ನು ಹೇಳಿಬಿಡಬೇಕು. ಅರ್ಥ್ ವೈರ್ ಬಂದಿಲ್ಲದ ಪ್ಲಗ್ ಪಾಯಿಂಟ್‌ನಲ್ಲಿ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿಬಿಡುವುದು. ಟೆಸ್ಟರ್ ಹಿಡಿದರೆ ಏನೂ ತಿಳಿಯುವುದಿಲ್ಲ, ಬಲ್ಬ್ ಹಚ್ಚಿ ನೋಡಿದರೂ ‘ಅರ್ಥ್ ಇದೆ’ ಎಂದೇ ತೋರುತ್ತದೆ. ಎಂದಾದರೂ ಆ ನ್ಯೂಟ್ರಲ್ ಕಡಿದರೆ, ಆನ್ ಇರುವ ಉಪಕರಣದ ಮೂಲಕ ಫೇಸ್ ದಾಟಿ ಬಂದು ಅದರ ಲೋಹದ ಮೈಯೇ 230 ವೋಲ್ಟ್ ಆಗುತ್ತದೆ. ಯಾರಾದರೂ ಇದನ್ನು ಮಾಡಿರುವುದು ಕಂಡರೆ ಆ ವ್ಯಕ್ತಿಯ ಉಳಿದ ಕೆಲಸವನ್ನೂ ಪೂರ್ತಿ ಬಿಚ್ಚಿಸಿ ನೋಡಿ.

ನೀವೇ ಕೆಲಸ ಮಾಡುವ ವಿಚಾರಕ್ಕೆ ಬರುತ್ತೇನೆ. ಪರವಾನಗಿ ಇಲ್ಲದವರು ಯಾವ ಕೆಲಸ ಮಾಡಬಹುದು ಎಂಬ ನಿಯಮ ಜಾಗದಿಂದ ಜಾಗಕ್ಕೆ ಬೇರೆ. ಅದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ನಿಯಮ ಒಪ್ಪುವುದಾದರೆ ಪೈಪ್ ಕೂರಿಸುವುದು, ಬಾಕ್ಸ್ ಮಟ್ಟ ಮಾಡುವುದು, ವೈರ್ ಎಳೆಯುವುದು, ಗುರುತಿನ ಚೀಟಿ ಅಂಟಿಸುವುದು ಇವನ್ನು ಮೇಲ್ವಿಚಾರಣೆಯಲ್ಲಿ ನೀವು ಮಾಡಬಹುದು. ಶ್ರಮದ ಬಹುಭಾಗ ಇರುವುದೂ ಅಲ್ಲೇ. ಆದರೆ ಸಹಿ ಹಾಕುವವರನ್ನು ಮೊದಲೇ ಒಪ್ಪಿಸಿ. ಎಲ್ಲ ಮುಗಿಸಿ, ಮುಚ್ಚಿ, ಆಮೇಲೆ ಸಹಿ ಕೇಳಲು ಹೋದರೆ ಪ್ರಾಮಾಣಿಕರು ಹಾಕುವುದಿಲ್ಲ. ಹಾಕುವವರ ಸಹಿಯಿಂದ ನಿಮಗೆ ಪ್ರಯೋಜನವಿಲ್ಲ. ಅವಘಡವಾದರೆ ವಿಮೆಯವರು ಮೊದಲು ಕೇಳುವುದು ಕೂಡ ಕೆಲಸ ಮಾಡಿದವರು ಯಾರು ಎಂದೇ.

ಟರ್ಮಿನಲ್ ಬಿಗಿಯುವುದು, ಡಿಬಿ ಬಾಕ್ಸ್ ಜೋಡಣೆ, ಅರ್ಥಿಂಗ್ ಇವನ್ನು ಮಾತ್ರ ಬಿಟ್ಟುಕೊಡಿ. ಸ್ಕ್ರೂ ಬಿಗಿಯುವುದರಲ್ಲಿ ಏನಿದೆ ಎನ್ನಬಹುದು. ಸಡಿಲವಾದ ಒಂದು ಟರ್ಮಿನಲ್‌ನಲ್ಲಿ 0.1 ಓಮ್ ರೋಧ ಇದೆ ಎನ್ನಿ. ಗೀಸರ್‌ನ 13 ಆಂಪಿಯರ್ ಹರಿಯುವಾಗ ಅಲ್ಲಿ 13 ಗುಣಿಸು 13 ಗುಣಿಸು 0.1, ಸುಮಾರು 17 ವಾಟ್ ಶಾಖ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಪ್ಲಾಸ್ಟಿಕ್ ಸ್ವಿಚ್ಚಿನೊಳಗೆ ಹಚ್ಚಿಟ್ಟಂತೆ. ಬಿಸಿಗೆ ತಾಮ್ರ ಕಪ್ಪಾಗಿ ರೋಧ ಇನ್ನೂ ಏರುತ್ತದೆ. ಕರೆಂಟ್ ಮಾಮೂಲಿಯಷ್ಟೇ ಇರುವುದರಿಂದ ಎಂಸಿಬಿಗಾಗಲಿ ಆರ್‌ಸಿಸಿಬಿಗಾಗಲಿ ಇದು ಕಾಣುವುದೇ ಇಲ್ಲ. ಹೊಸಬರು ಮಾಡುವುದು ಇಂಥ ತಪ್ಪುಗಳನ್ನೇ: ಹೊದಿಕೆಯ ಮೇಲೆಯೇ ಸ್ಕ್ರೂ ಬಿಗಿಯುವುದು, ವೈರ್ ಸುಲಿಯುವಾಗ ಎಳೆಗಳನ್ನು ಕತ್ತರಿಸಿಬಿಡುವುದು, ಒಂದೇ ರಂಧ್ರಕ್ಕೆ ನಾಲ್ಕು ವೈರ್ ತುರುಕುವುದು.

ವೈರ್ ಎಳೆಯುವುದಾದರೆ ಪ್ಲಾಸ್ಟರಿಂಗ್ ಮುಗಿದು ಗೋಡೆ ಒಣಗಿದ ಮೇಲೆ ಎಳೆಯಿರಿ. ಪೈಪಿನೊಳಗೆ ಜಾಯಿಂಟ್ ಬೇಡವೇ ಬೇಡ. ಜಾಯಿಂಟ್ ಇರಬೇಕಾದದ್ದು ತೆರೆದು ನೋಡಬಹುದಾದ ಬಾಕ್ಸ್‌ನಲ್ಲಿ. ಹಸಿರು, ಅಥವಾ ಹಸಿರು ಹಳದಿ ಪಟ್ಟೆಯ ವೈರ್ ಅರ್ಥ್‌ಗೆ ಮಾತ್ರ. ಬೇರೆ ಬಣ್ಣ ಮುಗಿಯಿತೆಂದು ಅದನ್ನು ಫೇಸ್‌ಗೆ ಬಳಸಿದರೆ ಮುಂದೆ ಬಂದು ಬಿಚ್ಚುವವರ ಜೀವಕ್ಕೆ ಸಂಚಕಾರ.

ನಿಮ್ಮ ಮುಂದಿರುವ ದಾರಿಗಳಲ್ಲಿ ಯಾವುದು ಲೇಸು? ಎಲ್ಲವನ್ನೂ ನೀವೇ ಮಾಡಿದರೆ ಖರ್ಚು ಕಡಿಮೆ, ಆದರೆ ಮಾಡಿದವರೇ ಪರೀಕ್ಷಿಸಿದಂತಾಗುತ್ತದೆ. ಎಲ್ಲವನ್ನೂ ಎಲೆಕ್ಟ್ರಿಷಿಯನ್‌ಗೆ ಬಿಟ್ಟರೂ ಅದೇ ದೋಷ. ನಿಮ್ಮ ಜಾಗದಲ್ಲಿ ನಾನಿದ್ದರೆ ಶ್ರಮದ ಕೆಲಸದಲ್ಲಿ ಕೈಜೋಡಿಸಿ, ಜೋಡಣೆ ಅವರಿಂದ ಮಾಡಿಸಿ, ಉಳಿದ ಹಣದಲ್ಲಿ ಹೊರಗಿನವರಿಂದ ಅಳತೆ ಮಾಡಿಸುತ್ತೇನೆ. ಆ ಅಳತೆ ಎಂದರೆ ಏನೇನು ಎಂದು ಗೊತ್ತಿರಲಿ. ಕರೆಂಟ್ ಕೊಡುವ ಮೊದಲು ಪ್ರತಿ ಪಾಯಿಂಟ್‌ನ ಅರ್ಥ್ ಪಿನ್‌ನಿಂದ ಡಿಬಿ ಬಾಕ್ಸ್‌ನ ಅರ್ಥ್ ಪಟ್ಟಿಯವರೆಗೆ ದಾರಿ ಕಡಿಯದೆ ಇದೆಯೇ ಎಂದು ನೋಡಬೇಕು. ಆಮೇಲೆ ಮೆಗ್ಗರ್‌ನಲ್ಲಿ 500 ವೋಲ್ಟ್ ಡಿಸಿ ಕೊಟ್ಟು ವೈರ್‌ಗಳ ನಡುವೆ ಹಾಗೂ ವೈರ್ ಮತ್ತು ಅರ್ಥ್ ನಡುವೆ ಹೊದಿಕೆಯ ನಿರೋಧಕತೆ ಅಳೆಯಬೇಕು. 1 ಮೆಗಾ ಓಮ್ ಕನಿಷ್ಠ. ಹೊಸ ಮನೆಯಲ್ಲಿ ಅದು ಹತ್ತಾರು, ನೂರಾರು ಮೆಗಾ ಓಮ್ ಬರುತ್ತದೆ; 1.2 ಬಂದರೆ ನಿಯಮದ ಪ್ರಕಾರ ಪಾಸು, ಆದರೆ ನಾನು ತೇವ ಅಥವಾ ಗೀರಿದ ಹೊದಿಕೆ ಎಲ್ಲಿದೆ ಎಂದು ಹುಡುಕಿಸುತ್ತೇನೆ. ಈ ಪರೀಕ್ಷೆಯ ಹೊತ್ತಿಗೆ ಎಲ್‌ಇಡಿ ದೀಪ, ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಯಾವುದೂ ಜೋಡಿಸಿರಬಾರದು, ಸುಟ್ಟುಹೋಗುತ್ತವೆ. ಕರೆಂಟ್ ಬಂದ ಮೇಲೆ ಫೇಸ್ ನ್ಯೂಟ್ರಲ್ ಅದಲುಬದಲಾಗಿಲ್ಲ ಎಂಬುದು, ಅರ್ಥಿಂಗ್ ಗುಂಡಿಯ ರೋಧ, ಆರ್‌ಸಿಸಿಬಿ ಎಷ್ಟು ಮಿಲಿ ಸೆಕೆಂಡಿಗೆ ಬಿತ್ತು ಎಂಬುದು. ‘ಎಲ್ಲ ಸರಿಯಿದೆ’ ಎಂಬ ವರದಿ ಬೇಡ, ಪ್ರತಿ ಸರ್ಕ್ಯೂಟಿನ ಮುಂದೆ ಸಂಖ್ಯೆ ಬರೆಸಿಕೊಳ್ಳಿ.

ಮನೆಗೆ ಬಂದ ಮೇಲೆ ಎಂಸಿಬಿ ಪದೇ ಪದೇ ಬಿದ್ದರೆ ಅದನ್ನು ತೆಗೆದು ದೊಡ್ಡದು ಹಾಕಲು ಯಾರಿಗೂ ಬಿಡಬೇಡಿ. 1.5 ಚದರ ಮಿ.ಮೀ. ವೈರಿಗೆ 32 ಆಂಪಿಯರ್ ಎಂಸಿಬಿ ಹಾಕಿದರೆ ವೈರ್ ಕರಗುವ ಹೊತ್ತಿಗೂ ಅದು ಸುಮ್ಮನಿರುತ್ತದೆ.

ನೀವು ಕೇಳದ ಒಂದು ವಿಷಯ ಉಳಿದಿದೆ: ಕಟ್ಟಡದ ಕೆಲಸಕ್ಕೆ ತೆಗೆದುಕೊಂಡಿರುವ ತಾತ್ಕಾಲಿಕ ಸಂಪರ್ಕ. ಹಸಿ ಸಿಮೆಂಟ್, ನೀರು, ಬರಿಗಾಲು, ಅಲ್ಲಲ್ಲಿ ಟೇಪ್ ಸುತ್ತಿದ ಉದ್ದನೆಯ ವೈರ್, ಅದರ ತುದಿಗೆ ಕಟಿಂಗ್ ಮೆಷಿನ್. ಇಡೀ ಮನೆಯ ಆಯುಷ್ಯದಲ್ಲಿ ಶಾಕ್ ಹೊಡೆಯುವ ಸಾಧ್ಯತೆ ಅತಿ ಹೆಚ್ಚಿರುವುದು ಈಗ, ಈ ಬೋರ್ಡಿನಲ್ಲಿ. ಮುಂದೆ ಮನೆಗೆ ಹೇಗಿದ್ದರೂ ಆರ್‌ಸಿಸಿಬಿ ಕೊಳ್ಳಬೇಕು. 30 ಮಿಲಿ ಆಂಪಿಯರ್‌ನ ಒಂದನ್ನು ಈಗಲೇ ತಂದು ಆ ತಾತ್ಕಾಲಿಕ ಬೋರ್ಡಿಗೆ ಹಾಕಿಸಿ, ದಿನದ ಕೆಲಸ ಶುರುವಾಗುವ ಮೊದಲು ಅದರ ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೆಯೇ ನೋಡಿ. ಬೀಳದಿದ್ದರೆ ಅದನ್ನು ಬದಲಿಸುವವರೆಗೆ ಯಾರೂ ಮೆಷಿನ್ ಹಿಡಿಯುವುದು ಬೇಡ.